ಆ ತೊಂಬತ್ತೆಂಟು ಅಂಕ ಯಾವುದಕ್ಕೆ?

ಐದಾರು ಸೆಕೆಂಡು 'ಆ…' ಎಂದು ಎಳೆದರೆ ಸಾಕು, ಪಾರ್ಕಿನ್‌ಸನ್ ಕಾಯಿಲೆ ಇದೆಯೋ ಇಲ್ಲವೋ ಕಂಪ್ಯೂಟರ್ ಮೊದಲೇ ಹೇಳಿಬಿಡುತ್ತದಂತೆ. ಪತ್ರಿಕೆಗಳು ಹೀಗೆಂದು ಬರೆಯುತ್ತವೆ, ಇಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಪ್ರಾಜೆಕ್ಟುಗಳೂ ಇದನ್ನೇ ಹೇಳುತ್ತವೆ. ಜೊತೆಗೆ 95, 98 ಪರ್ಸೆಂಟ್ ನಿಖರತೆ ಎಂಬ ಅಂಕಿ. ಅದನ್ನು ಕೇಳಿದ ಮೇಲೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹಾಕಬೇಕು.

ಇಂಥ ಎಷ್ಟೋ ಪ್ರಯೋಗಗಳ ಬೇರು ಒಂದೇ ದತ್ತಾಂಶದಲ್ಲಿದೆ. ಸಂಶೋಧಕ ಮ್ಯಾಕ್ಸ್ ಲಿಟಲ್ ಮತ್ತು ಸಂಗಡಿಗರು ಸಿದ್ಧಪಡಿಸಿದ್ದು. 2008ರಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ತೆರೆದು ನೋಡಿದರೆ 195 ಸಾಲು, ಸಾಲಿಗೊಂದು ಧ್ವನಿಮುದ್ರಣ. ಆದರೆ ದನಿ ಕೊಟ್ಟವರು ಬರೀ 31 ಜನ: 23 ಮಂದಿ ರೋಗಿಗಳು, 8 ಮಂದಿ ಆರೋಗ್ಯವಂತರು. ಒಬ್ಬೊಬ್ಬರದೂ ಸುಮಾರು ಆರು 'ಆ'. ಈ ಸಾಲುಗಳನ್ನು ಕಲಸಿ ಒಂದಷ್ಟನ್ನು ಕಲಿಕೆಗೆ, ಉಳಿದದ್ದನ್ನು ಪರೀಕ್ಷೆಗೆ ಹಂಚಿದರೆ ಒಬ್ಬರದೇ ನಾಲ್ಕು 'ಆ' ಅತ್ತ, ಎರಡು 'ಆ' ಇತ್ತ ಬೀಳುತ್ತವೆ. ಆಗ ಯಂತ್ರ ರೋಗವನ್ನು ಕಲಿಯಬೇಕಿಲ್ಲ, ಯಾರ ದನಿ ಎಂದು ಗುರುತು ಹಿಡಿದರೂ ಪಾಸು. ಇದು ಪ್ರಶ್ನೆಪತ್ರಿಕೆ ಸೋರಿಕೆಯೇ, ಕದ್ದವರು ಯಾರೂ ಇಲ್ಲ ಅಷ್ಟೆ. ಇನ್ನೂ ಒಂದು ಮಾತು: 195ರಲ್ಲಿ 147 ಮುದ್ರಣ ರೋಗಿಗಳದೇ. ಏನೂ ಕಲಿಯದೆ 'ಎಲ್ಲರಿಗೂ ರೋಗವಿದೆ' ಎಂದು ಕೂತರೂ 75 ಅಂಕ ಗ್ಯಾರಂಟಿ.

ಇನ್ನು 'ಮೊದಲೇ' ಎಂಬ ಪದಕ್ಕೆ ಬನ್ನಿ. ಆ ರೋಗಿಗಳಲ್ಲಿ ಕೆಲವರಿಗೆ ಕಾಯಿಲೆ ಆಗಷ್ಟೇ ಗೊತ್ತಾಗಿತ್ತು. ಗೊತ್ತಾಗಿ 28 ವರ್ಷ ಕಳೆದವರೂ ಇದ್ದರು. 28 ವರ್ಷದ ಪಾರ್ಕಿನ್‌ಸನ್ ರೋಗಿ ಬಾಗಿಲಿಂದ ಕುರ್ಚಿಗೆ ನಡೆದು ಬರುವಷ್ಟರಲ್ಲೇ ನರರೋಗ ವೈದ್ಯರಿಗೆ ವಿಷಯ ತಿಳಿದಿರುತ್ತದೆ. ಮೂಲ ಸಂಶೋಧಕರನ್ನು ದೂರುವಂತಿಲ್ಲ. ಅವರು ಕೇಳಿದ್ದ ಪ್ರಶ್ನೆಯೇ ಬೇರೆ: ರೋಗ ಖಚಿತವಾದವರ ಸ್ಥಿತಿಯನ್ನು ದನಿಯ ಮೂಲಕ ದೂರದಿಂದಲೇ ಗಮನಿಸುತ್ತಿರಬಹುದೇ? ಮುದ್ರಣವನ್ನೂ ಸದ್ದಡಗಿಸಿದ ಕೋಣೆಯಲ್ಲಿ, ತುಟಿಯಿಂದ 8 ಸೆಂಟಿಮೀಟರ್ ದೂರಕ್ಕೆ ಮೈಕ್ ಇಟ್ಟು ಮಾಡಿದ್ದರು. ಅದನ್ನು ಮೊಬೈಲ್ ಆ್ಯಪಿನ ಭವಿಷ್ಯವಾಣಿಯಾಗಿಸಿದವರು ಆಮೇಲೆ ಬಂದವರು.

'ತಪ್ಪಾದರೆ ಗಂಟೇನು ಹೋಗುತ್ತದೆ, ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡರಾಯಿತು' ಎನ್ನುವವರಿದ್ದಾರೆ. ಲೆಕ್ಕ ಹಾಕಿ. ಅರವತ್ತು ದಾಟಿದ 10,000 ಜನರಲ್ಲಿ 100 ಮಂದಿಗೆ ರೋಗವಿದೆ ಎಂದಿಟ್ಟುಕೊಳ್ಳೋಣ. ರೋಗಿಗಳಲ್ಲೂ ಆರೋಗ್ಯವಂತರಲ್ಲೂ ನೂರಕ್ಕೆ 95 ಸಲ ಸರಿ ಹೇಳುವ ಯಂತ್ರ 95 ರೋಗಿಗಳನ್ನು ಹಿಡಿಯುತ್ತದೆ, ಜೊತೆಗೆ ಏನೂ ಆಗದ 495 ಮಂದಿಗೂ 'ರೋಗವಿದೆ' ಎಂಬ ಚೀಟಿ ಕೊಡುತ್ತದೆ. ಚೀಟಿ ಸಿಕ್ಕ ಆರು ಮಂದಿಯಲ್ಲಿ ಐವರಿಗೆ ಕಾಯಿಲೆಯೇ ಇಲ್ಲ! ನಿಮ್ಹಾನ್ಸ್ ಮುಂದಿನ ಸಾಲು ಈಗಲೇ ಚಿಕ್ಕದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನರರೋಗ ತಜ್ಞರನ್ನು ಕಾಣುವುದು ಅಪರೂಪ. ಹೋಗಲಿ, ನಿಜವಾಗಿ ರೋಗವಿರುವ ಆ 95 ಮಂದಿಗಾದರೂ ಏನು ಸಿಗುತ್ತದೆ? ಈ ಕಾಯಿಲೆಗೆ ಕೊಡುವ ಲೆವೊಡೋಪ ಔಷಧ ಬಿಗಿತ ಸಡಿಲಿಸುತ್ತದೆ, ಚಲನೆ ಸರಾಗ ಮಾಡುತ್ತದೆ. ಮಿದುಳಿನ ಕೋಶಗಳು ಸಾಯುವುದನ್ನು ನಿಲ್ಲಿಸುತ್ತದೆಂದು ಸಾಬೀತಾದ ಔಷಧ ಇನ್ನೂ ಇಲ್ಲ. ಮಿದುಳಿನ ಪಾರ್ಶ್ವವಾಯುವಿನ ಮಾತು ಬೇರೆ. ಅಲ್ಲಿ ನಾಲ್ಕೂವರೆ ಗಂಟೆಯೊಳಗೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡಬಹುದು, ಸ್ಕ್ಯಾನನ್ನು ಬೇಗ ಓದುವ ಯಂತ್ರದಿಂದ ಕೈಕಾಲು ಉಳಿದೀತು.

ಪಾರ್ಕಿನ್‌ಸನ್ನನ್ನು ಮೊದಲೇ ಹೇಳಬಲ್ಲೆವು ಎನ್ನುವವರು ಇವತ್ತು ಆರೋಗ್ಯವಾಗಿರುವ ಸಾವಿರಾರು ಜನರ ದನಿ ತೆಗೆದಿಟ್ಟುಕೊಂಡು, ಯಾರಿಗೆ ಕಾಯಿಲೆ ಬರುತ್ತದೆಂದು ವರ್ಷಗಟ್ಟಲೆ ಕಾದು ನೋಡಬೇಕು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಮರೆವಿನ ಕಾಯಿಲೆಯ ಅಧ್ಯಯನಕ್ಕಾಗಿ ಹೀಗೇ ಹಿಂಬಾಲಿಸುತ್ತಿದೆ. ಅಂಥ ಕಡೆಯಿಂದ ಬಂದ ಅಂಕ 70 ಆದರೂ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.