ತಕ್ಕಡಿ ಸರಿ, ಕಾಳು ಬೇರೆ

ಉದಗೀರದ ಅಡತಿಯಲ್ಲಿ ತೊಗರಿಬೇಳೆ ಕೊಳ್ಳುವವರು ತೂಕಕ್ಕೆ ಮೊದಲು ಒಂದು ಹಿಡಿ ಬೇಳೆಯನ್ನು ಅಂಗೈಯಲ್ಲಿ ಹರವಿ ನೋಡುತ್ತಾರೆ. ಕೇಸರಿಬೇಳೆ ಬೆರೆತಿದ್ದರೆ ತಕ್ಕಡಿ ಅದನ್ನು ಹೇಳುವುದಿಲ್ಲ. ರಕ್ತದಲ್ಲಿ ಝೋನ್ಯುಲಿನ್ ಅಳೆದು ‘ಕರುಳು ಸೋರುತ್ತಿದೆ’ ಎಂದು ತೀರ್ಮಾನಿಸುವ ಎಲಿಸಾ ಕಿಟ್‌ಗಳ ಬಗ್ಗೆ ನನ್ನ ತಕರಾರು ಇದೇ: ಆ ಹಿಡಿಯನ್ನು ಬಹಳ ವರ್ಷ ಯಾರೂ ಹರವಿ ನೋಡಲಿಲ್ಲ.

ಕರುಳಿನ ಒಳಪದರದ ಜೀವಕೋಶಗಳನ್ನು ಆಕ್ಲುಡಿನ್, ಕ್ಲಾಡಿನ್, ಝಡ್‌ಓ-1 ಮೊದಲಾದ ಪ್ರೋಟೀನುಗಳು ಒತ್ತೊತ್ತಾಗಿ ಬೆಸೆದಿರುತ್ತವೆ. ಈ ಬೆಸುಗೆಯನ್ನು ಸಡಿಲಿಸುವ ಪ್ರೋಟೀನೊಂದನ್ನು ಅಲೆಸಿಯೋ ಫಸಾನೋ ಅವರ ತಂಡ 2000ದಲ್ಲಿ ವಿವರಿಸಿ, ಝೋನ್ಯುಲಿನ್ ಎಂದು ಹೆಸರಿಟ್ಟಿತು. ಅದು ರಕ್ತದ ಪ್ರೋಟೀನಾದ ಹ್ಯಾಪ್ಟೋಗ್ಲೋಬಿನ್-2ರ ಪೂರ್ವರೂಪ ಎಂದು 2009ರಲ್ಲಿ ಗೊತ್ತಾಯಿತು. ಅಷ್ಟರ ಮೇಲೆ ಕಿಟ್‌ಗಳು ಮಾರುಕಟ್ಟೆ ತುಂಬಿದವು.

ಈ ಕಿಟ್‌ಗಳನ್ನು ಪರೀಕ್ಷಿಸುವ ದಾರಿ ಮಾತ್ರ ಸರಳವಾಗಿತ್ತು. ತಂದೆತಾಯಿ ಇಬ್ಬರಿಂದಲೂ ಹ್ಯಾಪ್ಟೋಗ್ಲೋಬಿನ್-1ರ ಜೀನ್ ಪಡೆದವರ ಮೈಯಲ್ಲಿ ಈ ಪೂರ್ವರೂಪ ಹುಟ್ಟುವುದೇ ಇಲ್ಲ. ಅವರ ರಕ್ತಕ್ಕೆ ಕಿಟ್ ಸೊನ್ನೆ ತೋರಿಸಬೇಕು. ಜರ್ಮನಿಯ ಸಂಶೋಧಕರು 2018ರಲ್ಲಿ ಇದನ್ನು ನೋಡಿದರು. ಸೊನ್ನೆ ಬರಲಿಲ್ಲ. ಕಿಟ್‌ನಲ್ಲಿರುವ ಪ್ರತಿಕಾಯ ಹಿಡಿದಿದ್ದನ್ನು ಬಿಡಿಸಿ ನೋಡಿದರೆ ಕಾಂಪ್ಲಿಮೆಂಟ್ ಸಿ3, ಪ್ರಾಪರ್ಡಿನ್‌ನಂಥ ಬೇರೆ ಪ್ರೋಟೀನುಗಳು. 2019ರಲ್ಲಿ ಆಸ್ಟ್ರೇಲಿಯಾದ ತಂಡ ಎರಡು ಕಿಟ್‌ಗಳನ್ನು ಪರೀಕ್ಷಿಸಿತು: ಎರಡೂ ಅಳೆಯುತ್ತಿದ್ದುದು ಬೇರೆ ಬೇರೆ ಪ್ರೋಟೀನು, ಯಾವುದೂ ಝೋನ್ಯುಲಿನ್ ಅಲ್ಲ. ಅಂಕಿಗಳು ಮತ್ತೆ ಮತ್ತೆ ಒಂದೇ ಬರುತ್ತಿದ್ದವು ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ತಪ್ಪು ಕಾಳನ್ನೂ ತಕ್ಕಡಿ ಪ್ರತಿ ಸಲ ಒಂದೇ ತೂಕ ತೂಗುತ್ತದೆ. ಸಿ3 ಉರಿಯೂತದಲ್ಲೂ ಬೊಜ್ಜಿನಲ್ಲೂ ಏರುವುದರಿಂದ ರೋಗಿಗಳ ಗುಂಪಿನಲ್ಲಿ ಅಂಕಿ ಹೆಚ್ಚು ಕಂಡು, ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ.

ನಮ್ಮ ಕಡೆ ತಪ್ಪು ಇನ್ನೂ ಆಳಕ್ಕೆ ಅಡಗುತ್ತದೆ. ಭಾರತದಲ್ಲಿ ಹ್ಯಾಪ್ಟೋಗ್ಲೋಬಿನ್-2ರ ಜೀನ್ ಬಹುಪಾಲು ಜನರಲ್ಲಿದೆ. ಎರಡೂ ಕಡೆಯಿಂದ ಒಂದನೆಯದನ್ನೇ ಪಡೆದವರು ಅಪರೂಪ. ಉಮರ್ಗಾ, ನಿಲಂಗಾ, ಉದಗೀರದ ನೂರು ಮಂದಿಯ ರಕ್ತ ತೆಗೆದರೂ ಸೊನ್ನೆ ತೋರಿಸಬೇಕಾದ ವ್ಯಕ್ತಿ ಸಿಗುವುದು ಬೆರಳೆಣಿಕೆಯಷ್ಟು. ಕಿಟ್ ಅನ್ನು ಹಿಡಿದುಹಾಕುವ ಸಾಕ್ಷಿಯೇ ಊರಲ್ಲಿ ಕಡಿಮೆ. ಸಾಲದ್ದಕ್ಕೆ ದಾರಿ ದೂರ: ಸೊಲ್ಲಾಪುರದ ಲ್ಯಾಬ್‌ಗೆ ಹೋಗುವಷ್ಟರಲ್ಲಿ ಸ್ಯಾಂಪಲ್‌ನ ಕೆಂಪುಕಣ ಒಡೆದರೆ, ಹೊರಬಿದ್ದ ಹಿಮೋಗ್ಲೋಬಿನ್ ಹ್ಯಾಪ್ಟೋಗ್ಲೋಬಿನ್‌ಗೆ ಅಂಟಿಕೊಂಡು ಅಳತೆಯನ್ನು ಇನ್ನಷ್ಟು ಕದಡಬಹುದು.

ಮಕ್ಕಳ ಕರುಳಿನ ಸೋರಿಕೆ ನೋಡುವ ಹಳೆಯ ಲ್ಯಾಕ್ಟುಲೋಸ್-ಮ್ಯಾನಿಟಾಲ್ ಪರೀಕ್ಷೆ ತಾಯಂದಿರಿಗೆ ಕಷ್ಟದ್ದು, ನಿಜ. ಎರಡು ಸಕ್ಕರೆ ಕುಡಿಸಿ, ಮಗುವಿನ ಮೂತ್ರವನ್ನು ಗಂಟೆಗಟ್ಟಲೆ ಕೂಡಿಸಬೇಕು. ಅದರಲ್ಲೂ ತೊಡಕುಗಳಿವೆ. ಆದರೂ ನನ್ನ ಒಲವು ಅದರ ಕಡೆಗೇ, ಏಕೆಂದರೆ ಅದು ಯಾವುದನ್ನು ಅಳೆಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ: ದೊಡ್ಡ ಸಕ್ಕರೆಯಾದ ಲ್ಯಾಕ್ಟುಲೋಸ್ ಜೀವಕೋಶಗಳ ಸಂದಿಯಲ್ಲಿ ನುಸುಳಿತೇ, ಇಲ್ಲವೇ. ಬೆಳವಣಿಗೆ ಕುಂಠಿತವಾದ ಮಗುವಿನ ಬಗ್ಗೆ ನಿರ್ಧಾರ ಮಾಡಲು ಇಷ್ಟಾದರೂ ಬೇಕು.

ಈಗಾಗಲೇ ಅಳೆದ ಸ್ಯಾಂಪಲ್‌ಗಳು ಎಲ್ಲೆಲ್ಲಿ ಫ್ರೀಜರಿನಲ್ಲಿ ಉಳಿದಿವೆಯೋ, ಅಲ್ಲೆಲ್ಲ ಕೆಲವನ್ನಾದರೂ, ಕಿಟ್ ಹಿಡಿದದ್ದು ಯಾವ ಪ್ರೋಟೀನು ಎಂದು ತಿಳಿಯಲು, ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕೊಡಬೇಕು. ಅದಾಗುವವರೆಗೆ ಲ್ಯಾಬ್‌ಗಳು ವರದಿಯಿಂದ ಝೋನ್ಯುಲಿನ್ ಎಂಬ ಹೆಸರನ್ನು ಅಳಿಸಿ, ‘ಈ ಕಿಟ್ ಹಿಡಿದ ಪ್ರೋಟೀನು’ ಎಂದಷ್ಟೇ ಬರೆಯಲಿ.