ಮೂಲವಿಲ್ಲದ ಪ್ಲೇಟೋ

ಗ್ರೀಕ್ ತತ್ತ್ವಗ್ರಂಥಗಳು ಇಂದು ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತಿವೆ. ಆದರೆ ಅವುಗಳಲ್ಲಿ ಅನೇಕವು ಬರಿಯ ಇಂಗ್ಲಿಷ್ ಅನುವಾದಗಳು. ಗ್ರೀಕ್ ಮೂಲ ಅಲ್ಲಿಲ್ಲ. ಇದರಿಂದಾಗುವ ಹಾನಿ ಸಣ್ಣದಲ್ಲ.

ಪ್ಲೇಟೋವಿನ 'ರಿಪಬ್ಲಿಕ್' ಸಂವಾದದ ಮೊದಲನೆಯ ಭಾಗವನ್ನು ನೋಡಬಹುದು. ಕೇಡಿಗೊಳಗಾದ ಕುದುರೆ ಕುದುರೆಯ 'ಅರೆತೇ'ಯಲ್ಲಿ ಕುಂದುತ್ತದೆ. ನಾಯಿ ನಾಯಿಯ ಅರೆತೇಯಲ್ಲಿ, ಮನುಷ್ಯ ಮನುಷ್ಯನ ಅರೆತೇಯಲ್ಲಿ. ಮನುಷ್ಯನ ಅರೆತೇ ಎಂದರೆ ನ್ಯಾಯ. ಆದುದರಿಂದ ಕೇಡು ಮಾಡಿದವನು ಮನುಷ್ಯನನ್ನು ಅನ್ಯಾಯಿಯಾಗಿಸುತ್ತಾನೆ; ನ್ಯಾಯವಂತನು ಹಾಗೆ ಮಾಡಲಾರ. ಸಾಕ್ರಟೀಸನ ವಾದವೆಲ್ಲ ಒಂದೇ ಶಬ್ದದ ಮೇಲೆ ನಿಂತಿದೆ. ಅಂತರ್ಜಾಲದಲ್ಲಿ ಹೆಚ್ಚು ಪ್ರಚಾರದಲ್ಲಿರುವ, 19ನೆಯ ಶತಮಾನದ ಜೋವೆಟ್ ಅನುವಾದವಾದರೋ ಪ್ರಾಣಿಗಳಿಗೆ 'ಒಳ್ಳೆಯ ಗುಣಗಳು' ಎಂದೂ ಮನುಷ್ಯನಿಗೆ 'ವರ್ಚ್ಯೂ' ಎಂದೂ ಎರಡು ಮಾತುಗಳನ್ನು ಬಳಸಿದೆ. ಇಂಗ್ಲಿಷ್ ಸೊಗಸಾಯಿತು; ವಾದದ ಕೊಂಡಿ ಕಳಚಿತು.

ಗ್ರೀಕ್ ಬಲ್ಲವರೆಷ್ಟು ಜನ ಎಂದು ಆಕ್ಷೇಪಿಸಬಹುದು. ಆ ಭಾಷೆಯನ್ನರಿಯದವನೂ ಒಂದೇ ಶಬ್ದ ಮತ್ತೆ ಮತ್ತೆ ಬಂದುದನ್ನು ಗುರುತಿಸಬಲ್ಲನು. ಮೂಲ, ಅನುವಾದಗಳೆರಡನ್ನೂ ಒದಗಿಸಿದ ಅಮೆರಿಕದ 'ಪರ್ಸಿಯಸ್' ಸಂಗ್ರಹ ಇದು ಸಾಧ್ಯವೆಂದು ತೋರಿಸಿದೆ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಗ್ರೀಕ್ ದಾರ್ಶನಿಕರನ್ನು ಕುರಿತೂ ಬರೆದ ಜಮಖಂಡಿಯ ರಾ. ದ. ರಾನಡೆಯವರು ಮಹಾರಾಷ್ಟ್ರದ ಸಂತರ ಮೇಲಣ ಇಂಗ್ಲಿಷ್ ಗ್ರಂಥವನ್ನು 1933ರಲ್ಲಿ ಹೊರತಂದರು. ಅದಕ್ಕೆ ಆಧಾರವಾದ ಮರಾಠಿ ವಚನಗಳ ಸಂಗ್ರಹಗಳನ್ನೂ ಅವರು ಪ್ರಕಟಿಸಿದ್ದರು. ವಿವರಣೆಯೊಡನೆ ಸಾಕ್ಷಿಯನ್ನೂ ಓದುಗನ ಕೈಗಿಡುವುದು ಅವರ ಕ್ರಮ.

ಹೊರನಾಡಿನ ಕನ್ನಡ ಮಕ್ಕಳು ಶಿವಶರಣರ ವಚನಗಳನ್ನು ಇಂಗ್ಲಿಷಿನಲ್ಲೇ ಓದುವ ಕಾಲವಿದು. ಮೂಲವನ್ನು ಜೊತೆಗಿಡದಿದ್ದರೆ 'ಅರೆತೇ'ಗೆ ಒದಗಿದ ಗತಿ 'ಅರಿವಿ'ಗೂ ಒದಗೀತು.