ಊರಿಗೆ ಕೇಳಿಸದ ವಾದ್ಯ

ವಿಮರ್ಶೆಯೆಂದೊಡನೆ ನಮ್ಮ ಮನಸ್ಸು ಗ್ರಂಥಗಳತ್ತ ಹರಿಯುತ್ತದೆ. ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ವಿಮರ್ಶಾ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನೂ ಮೊದಲು ಕಪಾಟಿನ ಪುಸ್ತಕಗಳ ಕಡೆಗೇ ನೋಡಿದೆ. ಆದರೆ ಗುಣದೋಷಗಳನ್ನು ತೂಗಿ ನೋಡುವುದೇ ವಿಮರ್ಶೆಯಾದರೆ, ಕಳೆದ ಬೇಸಗೆಯಲ್ಲಿ ಬೆಂಗಳೂರಿನ ಮಗನ ಮನೆಯಲ್ಲಿ ನಾನು ಕಂಡು ಕೇಳಿದ ವಾದ್ಯವೊಂದು ಅದಕ್ಕೆ ಯೋಗ್ಯವಾದ ವಸ್ತುವೆಂದು ತೋರಿತು. ಅದು, ನನ್ನ ಮೊಮ್ಮಗ ಹಳೆಯದನ್ನು ಬಿಟ್ಟು ಹೊಸದಾಗಿ ಪಡೆದ ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟು.

ಕಾಸರಗೋಡಿನವರಾದ ನಮ್ಮ ಕಿವಿ ಚೆಂಡೆ ಮದ್ದಳೆಗಳಲ್ಲಿ ಪಳಗಿದ್ದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳೆದವನಿಗೆ ಮರ, ಚರ್ಮ, ಹಗ್ಗಗಳಿಲ್ಲದ ತಾಳವಾದ್ಯವನ್ನು ವಾದ್ಯವೆಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುವುದು ಸಹಜ. ಈ ಪೂರ್ವಗ್ರಹವನ್ನು ಓದುಗರ ಮುಂದೆ ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಈ ವಾದ್ಯಕ್ಕೆ ಸ್ವಂತ ನಾದವಿಲ್ಲ. ಬಾರಿಸುವ ಪ್ರತಿಯೊಂದು ಪ್ಯಾಡಿನ ಅಡಿಯಲ್ಲಿ, ಪೆಟ್ಟಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಬಿಲ್ಲೆಯಿದೆ. ಸಂಕೇತವು ತಂತಿಯ ಮೂಲಕ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯು ಆ ಪೆಟ್ಟಿನ ಬಲವನ್ನು ಅಳೆದು, ಮೊದಲೇ ಧ್ವನಿಮುದ್ರಿಸಿಟ್ಟ ನಿಜವಾದ ಡ್ರಮ್ಮಿನ ಸದ್ದುಗಳಲ್ಲಿ ತಕ್ಕದ್ದೊಂದನ್ನು ಆರಿಸಿ ಕಿವಿಗೆ ತಲುಪಿಸುತ್ತದೆ. ಇಷ್ಟೂ ಕೆಲಸ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಿಮನ್ಸ್ ಸಂಸ್ಥೆಯ ಆರು ಮೂಲೆಯ ಪ್ಯಾಡುಗಳು ಹೆಸರು ಮಾಡಿದ್ದವು. ಆದರೆ ಅವು ಎಷ್ಟು ಗಟ್ಟಿಯೆಂದರೆ ಬಾರಿಸುವವರ ಮಣಿಕಟ್ಟು ನೋಯುತ್ತಿತ್ತು. 1997ರಲ್ಲಿ ಜಪಾನಿನ ರೋಲೆಂಡ್ ಸಂಸ್ಥೆಯು ಚರ್ಮದಂತೆ ಬಿಗಿದ ಜಾಲರಿಯ ಹೊದಿಕೆಯನ್ನು ಬಳಕೆಗೆ ತಂದಿತು. ನಾನು ಕಂಡ ಹೊಸ ಸೆಟ್ಟು ಈ ಜಾಲರಿಯ ವಂಶದ್ದು, ಹಳೆಯದು ರಬ್ಬರಿನದು.

ಹಳೆಯ ಸೆಟ್ಟಿನಲ್ಲಿ ಹುಡುಗನು ಐದು ವರ್ಷ ಕಲಿತಿದ್ದ. ಅದರ ಸ್ವಭಾವವನ್ನು ಹೇಳುವುದಾದರೆ, ಅದು ಎಲ್ಲರಿಗೂ ಒಂದೇ ಅಂಕ ಕೊಡುವ ಪರೀಕ್ಷಕನಂತಿತ್ತು. ಮೆಲ್ಲನೆ ತಟ್ಟಿದರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಸ್ವಲ್ಪ ಬಲವಾಗಿ ಹೊಡೆದರೆ ಎಲ್ಲ ಪೆಟ್ಟಿಗೂ ಒಂದೇ ಸದ್ದು. ವೇಗವಾಗಿ ಬಾರಿಸಿದಾಗಲಂತೂ ಹೊಲಿಗೆ ಯಂತ್ರ ಓಡಿದಂತೆ ಕೇಳುತ್ತಿತ್ತು. ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆಗೆ, ಅಂದರೆ ಹೈಹ್ಯಾಟಿಗೆ, ಪೂರ್ತಿ ತೆರೆದ ಸದ್ದು ಮತ್ತು ಪೂರ್ತಿ ಮುಚ್ಚಿದ ಸದ್ದು ಎರಡೇ ಗೊತ್ತಿದ್ದವು.

ಹೊಸದು ಹಾಗಲ್ಲ. ಬೆರಳ ತುದಿಯ ಸ್ಪರ್ಶಕ್ಕೂ ಅದು ಪಿಸುಗುಟ್ಟುತ್ತದೆ. ಇಂಥ ಯಂತ್ರಗಳು ತಮ್ಮತಮ್ಮಲ್ಲಿ ಮಾತನಾಡಲು 1983ರಿಂದ ಬಳಸುತ್ತಿರುವ ಮಿಡಿ ಎಂಬ ಸಂಕೇತಭಾಷೆಯಲ್ಲಿ ಪ್ರತಿ ಪೆಟ್ಟಿಗೂ 1ರಿಂದ 127ರವರೆಗೆ ಬಲದ ಅಂಕವಿದೆ. ಮೇಷ್ಟರಾಗಿದ್ದವನಿಗೆ ಈ ಏರ್ಪಾಡು ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಹೈಹ್ಯಾಟು ಈಗ ಅರೆ ತೆರೆದಾಗ ಅರೆ ತೆರೆದಂತೆಯೇ ನುಡಿಯುತ್ತದೆ. ಸಿಂಬಲಿನ ಅಂಚನ್ನು ಕೈಯಲ್ಲಿ ಹಿಡಿದರೆ ಅದರ ನಾದ ತಕ್ಷಣ ನಿಲ್ಲುತ್ತದೆ.

ಆದರೆ ಮೊದಲ ವಾರ ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ. ಒಂದು ಸಂಜೆ ಕೋಲುಗಳನ್ನು ಕೆಳಗಿಟ್ಟು, “ಅಜ್ಜ, ಹಳೆಯದರಲ್ಲಿ ನಾನು ಇದಕ್ಕಿಂತ ಚೆನ್ನಾಗಿ ಬಾರಿಸುತ್ತಿದ್ದೆ” ಎಂದ. ನಾನೂ ಹೆಡ್‌ಫೋನ್ ಧರಿಸಿ ಕೇಳಿದೆ. ಎಡಗೈಯ ಪೆಟ್ಟು ಬಲಗೈಯ ಪೆಟ್ಟಿಗಿಂತ ಸೊರಗಿತ್ತು. ನಡೆ ಏರಿದಂತೆ ಅದು ಇನ್ನಷ್ಟು ಕುಗ್ಗುತ್ತಿತ್ತು. ಐದು ವರ್ಷ ಈ ದೋಷ ಇದ್ದೇ ಇತ್ತು. ಹಳೆಯ ಯಂತ್ರವು ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ. ಮೆಟ್ರೊನೋಮ್ ಹಾಕಿಕೊಂಡು, ಎಡಗೈಯೊಂದನ್ನೇ ನಿಧಾನವಾಗಿ ಸಾಧನೆ ಮಾಡೆಂದು ಹೇಳಿದೆ. ನಾನು ಊರಿಗೆ ಮರಳುವ ಹೊತ್ತಿಗೆ ಎರಡು ಕೈಗಳ ನಡುವಿನ ಜಗಳ ಅರ್ಧದಷ್ಟಾದರೂ ತೀರಿತ್ತು. ಹೊಸ ವಾದ್ಯದ ಹಿರಿಮೆ ಅದರ ನೂರಾರು ಸದ್ದುಗಳಲ್ಲಿಲ್ಲ, ಬಾರಿಸುವವನ ತಪ್ಪನ್ನು ಅವನಿಗೇ ಕೇಳಿಸುವ ಪ್ರಾಮಾಣಿಕತೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ದೋಷಗಳು. ಜಾಲರಿಯು ಕೋಲನ್ನು ಚರ್ಮಕ್ಕಿಂತ ಹೆಚ್ಚು ಪುಟಿಸುತ್ತದೆ. ಕೈ ಮಾಡಬೇಕಾದ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಇದಕ್ಕೆ ಒಗ್ಗಿದ ಕೈ ನಿಜವಾದ ಡ್ರಮ್ಮಿನ ಮುಂದೆ ತಡವರಿಸುವುದುಂಟು. ಸದ್ದುಗಳ ಸಂಖ್ಯೆ ಹೆಚ್ಚಾದದ್ದರಿಂದ, ಬಾರಿಸುವ ಸಮಯದಲ್ಲಿ ಒಂದು ಪಾಲು ಗುಂಡಿಗಳನ್ನು ತಿರುಗಿಸುವುದರಲ್ಲೇ ಕಳೆಯುತ್ತದೆ. ಮಳೆಗಾಲದ ತೇವಕ್ಕೆ ಚೆಂಡೆಯ ಚರ್ಮ ಸಡಿಲಗೊಂಡರೆ ಕಲಾವಿದ ಅದನ್ನು ಬಿಗಿದು ಹದಗೊಳಿಸುತ್ತಾನೆ. ಹಾಗೆ ಬಿಗಿಯುತ್ತಲೇ ವಾದ್ಯದ ಗುಣವನ್ನು ಅರಿಯುತ್ತಾನೆ. ಇಲ್ಲಿ ಆ ಅರಿವಿಗೆ ಅವಕಾಶ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಹೆಡ್‌ಫೋನ್ ತೆಗೆದ ಕೂಡಲೇ ನನಗೆ ಕೇಳಿಸಿದ್ದು ಬರಿಯ ಟಿಕ್ ಟಿಕ್ ಸದ್ದು. ಒಳಗೆ ಹುಡುಗ ಗುಡುಗುತ್ತಿದ್ದಾನೆ; ಹೊರಗೆ ಎರಡು ಕೋಲುಗಳು ಜಾಲರಿಯ ಮೇಲೆ ಕುಣಿಯುತ್ತಿವೆ. ಕೆಳಗಿನ ಮನೆಯವರಿಗೆ ಕಾಲಿನ ಪೆಡಲಿನ ದಡದಡ ಮಾತ್ರ ತಲುಪಿ, ಅವರು ಬಂದು ಆಕ್ಷೇಪಿಸಿದ ಮೇಲೆ ದಪ್ಪ ಚಾಪೆ ಹಾಸಬೇಕಾಯಿತು. ನಮ್ಮೂರಲ್ಲಿ ಆಟವಿದ್ದ ದಿನ ಕೇಳಿ ಬಾರಿಸಿದರೆ ಗುಡ್ಡದಾಚೆಯ ಮನೆಗೂ ಸುದ್ದಿ ಮುಟ್ಟುತ್ತಿತ್ತು. ತಪ್ಪಿದರೆ ಮರುದಿನ ಹೇಳುವವರಿದ್ದರು, ಚೆನ್ನಾಗಿದ್ದರೆ ತಲೆದೂಗುವವರಿದ್ದರು. ಯಂತ್ರವು ತಪ್ಪನ್ನು ಹೇಳೀತು, ತಲೆದೂಗಲಾರದು.

ಗಡಿಯ ಈಚೆಗಿರುವ ಕನ್ನಡಿಗರಿಗೆ ಇದು ಹೊಸ ಮಾತಲ್ಲ. ಮನೆಯೊಳಗಷ್ಟೇ ಆಡುವ ನುಡಿ ಅಚ್ಚುಕಟ್ಟಾಗಿ ಉಳಿದೀತು, ಆದರೆ ಕೇಳುವ ಊರಿಲ್ಲದೆ ಬೆಳೆಯಲಾರದು. ನಾವು ಇಂಥ ಸಮ್ಮೇಳನಗಳನ್ನು ನಡೆಸುವುದೂ ಅದಕ್ಕಾಗಿಯೇ ಅಲ್ಲವೆ?

ಆದುದರಿಂದ ನನ್ನ ತೀರ್ಮಾನವಿಷ್ಟು: ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ಮಕ್ಕಳಿಗೆ ಈ ವಾದ್ಯ ಸಾಧನೆಗೆ ಒಳ್ಳೆಯದು, ರಬ್ಬರಿನದಕ್ಕಿಂತ ಜಾಲರಿಯದು ಎಷ್ಟೋ ಮೇಲು. ಆದರೆ ವಾರಕ್ಕೊಮ್ಮೆಯಾದರೂ ಹೆಡ್‌ಫೋನ್ ತೆಗೆದು, ಸ್ಪೀಕರಿಗೆ ಜೋಡಿಸಿ, ನಾಲ್ಕು ಜನರ ಮುಂದೆ ಬಾರಿಸಬೇಕು. ನಾನು ಹೊರಡುವ ಹಿಂದಿನ ಭಾನುವಾರ ಮೊಮ್ಮಗ ಹಾಗೆಯೇ ಮಾಡಿದ. ಚಾಪೆಯ ವಿಷಯದಲ್ಲಿ ಆಕ್ಷೇಪಿಸಿದ ಕೆಳಗಿನ ಮನೆಯವರನ್ನೂ ಕರೆದಿದ್ದೆವು. ಅವನು ಎರಡು ಕಡೆ ತಪ್ಪಿದ. ಕಾಫಿ ಕುಡಿದು ಏಳುವಾಗ ಅವರು, “ಮುಂದಿನ ವಾರವೂ ಉಂಟೇನು?” ಎಂದು ಕೇಳಿದರು.